ಧಾರವಾಡದ ಹಿತ್ತಲಲ್ಲಿ ಮಳೆಗಾಲದ ಟೊಮೆಟೊ ಯಾಕೆ ನಿಲ್ಲೋದಿಲ್ಲ?

ಪ್ರಶ್ನೆ: ನಾವು ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಧಾರವಾಡಕ್ಕೆ ಬಂದೆವು. ಸಪ್ತಾಪುರದ ಹತ್ತಿರ ಮನೆ. ಹಿಂದುಗಡೆ 20 ಅಡಿಗೆ 15 ಅಡಿ ಜಾಗ ಇದೆ. ಎರಡೂ ವರ್ಷ ಜೂನ್ ಮೊದಲ ವಾರ ಟೊಮೆಟೊ ಸಸಿ ಹಾಕಿದೆ. ಎರಡೂ ಸಲ ಜುಲೈ ಮುಗಿಯುವಷ್ಟರಲ್ಲಿ ಕೆಳಗಿನ ಎಲೆಯಿಂದ ಶುರುವಾಗಿ ಗಿಡವೆಲ್ಲ ಸುಟ್ಟ ಹಾಗೆ ಆಯ್ತು. ಏಪ್ರಿಲ್‌ನಲ್ಲಿ ಬಿತ್ತಿದ ಕೊತ್ತಂಬರಿ, ಪಾಲಕ್ ಗೇಣುದ್ದ ಆಗುವ ಮೊದಲೇ ಹೂ ಬಿಟ್ಟವು. ಮೇ ತಿಂಗಳಲ್ಲಿ ಒಳ್ಳೆ ಮಳೆ ಬಂತು ಅಂತ ಬೆಂಡೆ, ಬೀನ್ಸ್ ಬೀಜ ಹಾಕಿದೆ. ಮೊಳೆತದ್ದು ಅರ್ಧ, ಅದೂ ಒಣಗಿ ಹೋಯ್ತು. ಮೊಬೈಲ್ ಆ್ಯಪ್ 80% ಮಳೆ ಅಂದ ದಿನ ಒಂದು ಹನಿ ಬೀಳುವುದಿಲ್ಲ. ಪಕ್ಕದ ಮನೆಯ ಅಜ್ಜಿ ರೋಹಿಣಿ, ಮೃಗಶಿರಾ ಅಂತ ಲೆಕ್ಕ ಹೇಳುತ್ತಾರೆ. ಸರ್, ಯಾವುದನ್ನು ನಂಬಬೇಕು? ನಮ್ಮೂರಲ್ಲಿ ಯಾವಾಗ ಏನು ಹಾಕಬೇಕು ಅನ್ನುವುದಕ್ಕೆ ಒಂದು ಪಟ್ಟಿ ಸಿಗುತ್ತದೆಯೇ?

ಉತ್ತರ: ನಿಮ್ಮ ಕೈಯಲ್ಲಿ ದೋಷ ಇಲ್ಲ. ಬೀಜದಲ್ಲೂ ಇಲ್ಲ ಅಂತಲೇ ನನ್ನ ಅನಿಸಿಕೆ. ನೀವು ಹಾಕಿದ ಹೊತ್ತು ತಪ್ಪಿದೆ, ಅಷ್ಟೇ. ಬೇರೆ ಊರಿನಿಂದ ಬಂದವರು ಮಾತ್ರವಲ್ಲ, ಇಲ್ಲೇ ಹುಟ್ಟಿ ಬೆಳೆದವರೂ ಇದೇ ತಪ್ಪು ಮಾಡುತ್ತಾರೆ. ಮಳೆ ಬಂತು, ತೋಟ ಶುರು ಮಾಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಧಾರವಾಡದ ಹಿತ್ತಲಿಗೆ ಮಾತ್ರ ಆ ಲೆಕ್ಕ ಹೊಂದುವುದಿಲ್ಲ. ಇಲ್ಲಿ ತರಕಾರಿಯ ಮುಖ್ಯ ಹಂಗಾಮು ಜೂನ್ ಅಲ್ಲ, ಸೆಪ್ಟೆಂಬರ್ ಕೊನೆ. ಅಂದರೆ ಹಿಂಗಾರು. ಈ ಒಂದು ಮಾತನ್ನು ಮನಸ್ಸಲ್ಲಿ ಇಟ್ಟುಕೊಂಡರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.

ಯಾಕೆ ಅಂತ ಹೇಳುತ್ತೇನೆ. ಧಾರವಾಡ ಇರುವುದು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಪಶ್ಚಿಮಕ್ಕೆ ಹಳಿಯಾಳ, ದಕ್ಷಿಣಕ್ಕೆ ಕಲಘಟಗಿ ಕಡೆ ಹೋದರೆ ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದದ ದಾರಿ ಹಿಡಿದರೆ ಒಂದು ಗಂಟೆಯೊಳಗೆ ಬಯಲು, ಮರ ಕಾಣುವುದೇ ಅಪರೂಪ. ಈ ಎರಡರ ಗಡಿಯ ಮೇಲೆ ನಮ್ಮೂರು ಕೂತಿದೆ. ಕೃಷಿ ವಿಜ್ಞಾನಿಗಳು ಕರ್ನಾಟಕವನ್ನು 10 ಹವಾಮಾನ ವಲಯಗಳಾಗಿ ಮಾಡಿದ್ದಾರೆ. ಅದರಲ್ಲಿ ನಮ್ಮದು 8ನೆಯದು. ಮಲೆನಾಡಿನಿಂದ ಬಯಲಿಗೆ ಇಳಿಯುವ ನಡುವಿನ ಪಟ್ಟಿ ಇದು. ವರ್ಷಕ್ಕೆ ಸರಾಸರಿ 750ರಿಂದ 800 ಮಿಲಿಮೀಟರ್ ಮಳೆ.

ಆ ಮಳೆ ಬೀಳುವ ರೀತಿ ಮುಖ್ಯ. ಬೆಂಗಳೂರಿಗೆ ದೊಡ್ಡ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಅಲ್ಲಿ ಮಧ್ಯಾಹ್ನದವರೆಗೆ ಬಿಸಿಲು, ಸಂಜೆ ಗುಡುಗು, ಒಂದು ಗಂಟೆ ಸುರಿದು ನಿಲ್ಲುತ್ತದೆ. ನಮ್ಮಲ್ಲಿ ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಬರುವುದು ಪಶ್ಚಿಮ ಘಟ್ಟ ದಾಟಿ ಬಂದ ಮೋಡ. ಘಟ್ಟದಲ್ಲೇ ಬಹುಪಾಲು ಸುರಿದು, ಉಳಿದದ್ದನ್ನು ಗಾಳಿ ಇಲ್ಲಿಗೆ ತಳ್ಳಿಕೊಂಡು ಬರುತ್ತದೆ. ಅದಕ್ಕೇ ಜಿಟಿಜಿಟಿ. ದಿನವಿಡೀ ಹನಿಯುತ್ತದೆ, ಸಂಜೆ ಅಳೆದು ನೋಡಿದರೆ 5 ಮಿಲಿಮೀಟರ್ ಕೂಡ ಆಗಿರುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಜುಲೈನಲ್ಲಿ ಹಗಲಿನ ಬಿಸಿ 26–27 ಡಿಗ್ರಿ ದಾಟುವುದೇ ಕಷ್ಟ. ಮನುಷ್ಯರಿಗೆ ಹಿತ. ಟೊಮೆಟೊಗೆ ಅದೇ ಕಷ್ಟ.

ಮುಂದಿನ ಸಲ ಗಿಡಕ್ಕೆ ರೋಗ ಶುರುವಾದಾಗ ಒಂದು ಕೆಲಸ ಮಾಡಿ. ನೆಲಕ್ಕೆ ಹತ್ತಿರ ಇರುವ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಕಂದು ಬಣ್ಣದ ಚುಕ್ಕೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಚುಕ್ಕೆಯೊಳಗೆ ಒಂದರೊಳಗೊಂದು ಉಂಗುರ, ಮರ ಕೊಯ್ದಾಗ ಕಾಣುವ ಸುತ್ತುಗಳ ಹಾಗೆ. ಅದರ ಸುತ್ತ ಎಲೆ ಹಳದಿ ತಿರುಗಿರುತ್ತದೆ. ಇದು ಅಲ್ಟರ್ನೇರಿಯಾ ಅನ್ನುವ ಶಿಲೀಂಧ್ರ ತರುವ ಅಂಗಮಾರಿ ರೋಗ. ಇದರ ಬೀಜಕಣಗಳು ಮಣ್ಣಿನಲ್ಲಿ, ಹಳೇ ಗಿಡದ ಕಸದಲ್ಲಿ ಇರುತ್ತವೆ. ಮಳೆ ಹನಿ ನೆಲಕ್ಕೆ ಬಡಿದಾಗ ಮಣ್ಣು ಸಿಡಿದು ಕೆಳಗಿನ ಎಲೆಗೆ ಅಂಟುತ್ತದೆ. ಅದಕ್ಕೇ ರೋಗ ಯಾವಾಗಲೂ ಕೆಳಗಿನಿಂದ ಮೇಲೆ ಹತ್ತುತ್ತದೆ. ಎಲೆ ಗಂಟೆಗಟ್ಟಲೆ ಒದ್ದೆ ಇದ್ದರೆ ಸಾಕು, ಬೀಜಕಣ ಮೊಳೆತು ಒಳಗೆ ಹೊಕ್ಕುತ್ತದೆ. ಹೀಗಾಗಿ ಎಷ್ಟು ಮಳೆ ಬಿತ್ತು ಅನ್ನುವುದಕ್ಕಿಂತ, ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅನ್ನುವುದನ್ನು ನೋಡಬೇಕು. ಧಾರವಾಡದ ಜುಲೈನಲ್ಲಿ ಎಲೆ ಒಣಗುವ ಹೊತ್ತೇ ಇಲ್ಲ.

ಅಕ್ಟೋಬರ್‌ನಲ್ಲೂ ಮಳೆ ಇರುತ್ತದಲ್ಲ ಅಂತ ಕೇಳಬಹುದು. ಇರುತ್ತದೆ, ಕೆಲವು ವರ್ಷ ಜೋರಾಗಿಯೇ. ಆದರೆ ಅದು ಸಂಜೆ ಗುಡುಗಿನ ಮಳೆ. ಮರುದಿನ ಬೆಳಿಗ್ಗೆ ಒಂಬತ್ತು, ಹತ್ತು ಗಂಟೆಗೆಲ್ಲ ಬಿಸಿಲು ಬಿದ್ದು ಎಲೆ ಒಣಗಿರುತ್ತದೆ. ನಿಮ್ಮ ಗಿಡ ಆ ಬಿಸಿಲಲ್ಲಿ ಬದುಕುತ್ತದೆ.

ಹಾಗಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಜಾಗ ಖಾಲಿ ಬಿಡಬೇಕಾ? ಬೇಡ. ಮುಂಗಾರಿಗೆ ಒಗ್ಗುವ ಗಿಡಗಳು ಬೇರೆ ಇವೆ. ಬೆಂಡೆ, ಚವಳಿ, ಹೀರೆ, ಪಡವಲ, ಸೌತೆ, ಪುಂಡಿಪಲ್ಲೆ ಜೂನ್‌ಗೆ ಸರಿ. ಬೆಂಡೆಗೆ ಎಲೆಯ ನರ ಹಳದಿಯಾಗುವ ರೋಗ ಬರುತ್ತದೆ, ಬಿಳಿ ನೊಣ ಅದನ್ನು ಹರಡುತ್ತದೆ. ಹಾಗಾಗಿ ಆ ರೋಗ ತಡೆಯಲೆಂದೇ ತಂದ ಅರ್ಕಾ ಅನಾಮಿಕ ತರಹದ ತಳಿ ಹುಡುಕಿ. ಮುಳಗಾಯಿ (ಬದನೆ) ಮತ್ತು ಮೆಣಸಿನಕಾಯಿ ಸಸಿಯನ್ನು ಜೂನ್ ಕೊನೆ, ಜುಲೈ ಮೊದಲ ವಾರ ನೆಟ್ಟರೆ ಮಳೆಗಾಲವೆಲ್ಲ ಸುಮ್ನೆ ಬೇರು ಬಿಟ್ಟುಕೊಂಡು ನಿಲ್ಲುತ್ತವೆ, ಮಳೆ ಕಡಿಮೆಯಾಗಿ ಬಿಸಿಲು ಬಿದ್ದ ಮೇಲೆ ಕಾಯಿ ಸುರಿಸುತ್ತವೆ. ಅರಿಶಿನ, ಶುಂಠಿ ಮೇ ಕೊನೆಗೇ ನೆಲ ಸೇರಬೇಕು. ಬಳ್ಳಿಗಳನ್ನು ಮಾತ್ರ ನೆಲದ ಮೇಲೆ ಹರಿಯಲು ಬಿಡಬೇಡಿ. ಚಪ್ಪರಕ್ಕೋ ಕಂಪೌಂಡ್‌ಗೋ ಹತ್ತಿಸಿ, ಗಾಳಿಯಾಡಿ ಎಲೆ ಬೇಗ ಒಣಗುತ್ತದೆ. ನಮ್ಮೂರ ಮಳೆಗಾಲದ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬರುತ್ತದೆ, ಜೋರಾಗಿ ಬರುತ್ತದೆ. ಚಪ್ಪರದ ಗೂಟ ಆ ದಿಕ್ಕಿಗೆ ಗಟ್ಟಿ ಇರಲಿ.

ಇನ್ನು ಮೇ ತಿಂಗಳಲ್ಲಿ ಒಣಗಿ ಹೋದ ಬೆಂಡೆ, ಬೀನ್ಸ್ ವಿಷಯ. ಏಪ್ರಿಲ್, ಮೇನಲ್ಲಿ ಬರುವ ಗುಡುಗಿನ ಮಳೆಗೆ ನಮ್ಮ ಕಡೆ ಅಡ್ಡಮಳೆ ಅನ್ನುತ್ತಾರೆ. ಹೆಸರೇ ಹೇಳುತ್ತದೆ, ಅದು ನೇರ ದಾರಿಯ ಮಳೆ ಅಲ್ಲ. ಭೂಮಿ ಕಾದು, ಬಿಸಿ ಗಾಳಿ ಮೇಲೆದ್ದು, ಅಲ್ಲಲ್ಲೇ ಮೋಡ ಕಟ್ಟಿ ಸುರಿಯುತ್ತದೆ. ಕೆಲವು ಸಲ ಆಣಿಕಲ್ಲೂ ಬೀಳುತ್ತದೆ. ಕೆಲಗೇರಿಯಲ್ಲಿ ಗಟಾರ ತುಂಬಿ ಹರಿಯುತ್ತಿದ್ದರೆ ಗಾಂಧಿನಗರದಲ್ಲಿ ರಸ್ತೆ ಒಣಗಿರುತ್ತದೆ. ಒಂದು ಮಳೆ ಬಂದರೆ ಮುಂದಿನದು ಮೂರು ದಿನಕ್ಕೋ, ಮೂರು ವಾರಕ್ಕೋ ಹೇಳಲು ಬರುವುದಿಲ್ಲ. ಒಣಗಿದ ಮಣ್ಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಮೇಲಿನ ನಾಲ್ಕು ಬೆರಳಷ್ಟು ಮಾತ್ರ ನೆನೆಯುತ್ತದೆ. ಬೀಜ ಆ ತೇವದಲ್ಲಿ ಮೊಳೆಯುತ್ತದೆ. ಬೇರು ಕೆಳಗೆ ಇಳಿದರೆ ಅಲ್ಲಿ ಕಾದ, ಒಣ ಮಣ್ಣು. ನಿಮ್ಮ ಬೀನ್ಸ್‌ಗೆ ಆದದ್ದು ಇದೇ. ನನಗೂ ಶುರುವಿನ ವರ್ಷಗಳಲ್ಲಿ ಹೀಗೇ ಆಗಿತ್ತು. ಒಂದು ರಾತ್ರಿಯ ಮಳೆ ನೋಡಿ ಚವಳಿ ಬಿತ್ತಿದೆ, ಹತ್ತು ದಿನಕ್ಕೆ ಸಾಲು ಸಾಲು ಹಸಿರು, ಹದಿನೆಂಟನೇ ದಿನಕ್ಕೆ ಏನೂ ಇರಲಿಲ್ಲ. ಕೊಡದಿಂದ ನೀರು ಹೊತ್ತು ಹಾಕಿದರೂ ಉಳಿಯಲಿಲ್ಲ. ಅವತ್ತಿನಿಂದ ಮಣ್ಣು ಅಗೆದು ನೋಡದೆ ಬಿತ್ತುವುದನ್ನು ಬಿಟ್ಟೆ.

ಅಗೆದು ನೋಡುವುದು ಹೀಗೆ. ಕುರುಪಿಯಿಂದ ಒಂದು ಗೇಣು ಆಳ ತೆಗೆಯಿರಿ. ತಳದ ಮಣ್ಣನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಕೈ ಬಿಡಿಸಿದಾಗ ಪುಡಿ ಪುಡಿಯಾಗಿ ಉದುರಿದರೆ ಇನ್ನೂ ಕಾಯಬೇಕು. ಉಂಡೆ ಆಗಿ, ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕೈದು ಚೂರಾದರೆ ಹದ ಬಂದಿದೆ. ಬಿದ್ದರೂ ಉಂಡೆ ಹಾಗೇ ಇದ್ದು, ಅಂಗೈಗೆ ಮಣ್ಣು ಮೆತ್ತಿಕೊಂಡಿದ್ದರೆ ಜಾಸ್ತಿ ಹಸಿ ಆಯ್ತು. ಎರಡು ದಿನ ತಡೆಯಿರಿ. ಆ ಹಸಿಯಲ್ಲಿ ಕಾಲಿಟ್ಟು ತುಳಿದರೆ ನೆಲ ಇಟ್ಟಿಗೆಯಾಗುತ್ತದೆ.

ಇಲ್ಲಿ ಮಣ್ಣಿನ ಮಾತು ಬಂತು. ನಮ್ಮೂರಲ್ಲಿ ಎರಡು ಮಣ್ಣು. ಪಶ್ಚಿಮದ ಕಡೆ ಕೆಂಪು ಮಸಾರಿ ಜಾಸ್ತಿ. ಪೂರ್ವಕ್ಕೆ ಅಮ್ಮಿನಬಾವಿ, ಹೆಬ್ಬಳ್ಳಿ ದಾರಿಯಲ್ಲಿ ಕಪ್ಪು ಎರಿ ಮಣ್ಣು. ಎರಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಸಿಯಾದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹಿಂಗಾರಿ ಜೋಳ, ಕಡಲೆ ಹೆಚ್ಚು ನೀರಿಲ್ಲದೆ ಬೆಳೆಯುವುದು ಆ ಗುಣದಿಂದಲೇ. ಆದರೆ ಮುಂಗಾರಿನಲ್ಲಿ ಅದೇ ಮಣ್ಣಿನಲ್ಲಿ ನೀರು ನಿಂತು ಬೇರು ಉಸಿರು ಕಟ್ಟುತ್ತದೆ. ಮಸಾರಿ ಉಲ್ಟಾ. ನೀರು ಬೇಗ ಇಳಿಯುತ್ತದೆ, ಬೇಗ ಒಣಗುತ್ತದೆ. ನಿಮ್ಮ ಜಾಗದಲ್ಲಿ ಯಾವುದಿದೆ ಅಂತ ನೀವೇ ನೋಡಬೇಕು. ಮನೆ ಕಟ್ಟುವಾಗ ಹೊರಗಿನಿಂದ ಗರಸು ತುಂಬಿಸಿದ್ದರೆ ಎರಡೂ ಇರುವುದಿಲ್ಲ. ಒಂದು ಚಿಟಿಕೆ ಮಣ್ಣಿಗೆ ನೀರು ಸೇರಿಸಿ, ಬೆರಳುಗಳ ನಡುವೆ ಬತ್ತಿಯ ಹಾಗೆ ಹೊಸೆಯಿರಿ. ತುಂಡಾಗದೆ ಉದ್ದಕ್ಕೆ ಬಂದರೆ ಎರಿ. ಹೊಸೆಯಲು ಆಗದೆ ಮುರಿದರೆ ಮಸಾರಿ ಅಥವಾ ಗರಸು. ಎರಿಯಾದರೆ ಒಂದು ಗೇಣು ಎತ್ತರದ ಏರುಮಡಿ ಮಾಡಿ, ನಡುವೆ ಕಾಲುವೆ ಬಿಡಿ. ಮಸಾರಿಯಾದರೆ ಮಡಿಯನ್ನು ನೆಲಮಟ್ಟದಲ್ಲೇ ಇಟ್ಟು ಒಣ ಎಲೆಯ ಹೊದಿಕೆ ದಪ್ಪ ಹಾಕಿ. ಎರಡಕ್ಕೂ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೇಕು. ಹಸಿ ಸಗಣಿ ಹಾಕಬೇಡಿ, ಗೊಣ್ಣೆ ಹುಳ ಬರುತ್ತದೆ. ಕುಂಡದಲ್ಲಿ ಬೆಳೆಯುವವರಿಗೆ ಒಂದು ಮಾತು: ಬರೀ ಎರಿ ಮಣ್ಣು ತುಂಬಬೇಡಿ. ಒಣಗಿದಾಗ ಅದು ಕುಂಡದ ಅಂಚು ಬಿಟ್ಟು ಕುಗ್ಗುತ್ತದೆ, ನೀವು ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಸೀದಾ ಕೆಳಗೆ ಹೋಗುತ್ತದೆ.

ಈಗ ಮುಖ್ಯ ಹಂಗಾಮಿಗೆ ಬರೋಣ. ನಾನು ಇದನ್ನು ಬರೆಯುತ್ತಿರುವುದು ಆಗಸ್ಟ್ ಕೊನೆಗೆ, ಮಘೆ ಮಳೆಯ ದಿನಗಳಲ್ಲಿ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅನ್ನುತ್ತಾರೆ. ನಿಮಗೆ ತಯಾರಿಗೆ ಸರಿಯಾದ ಸಮಯ. ಸೆಪ್ಟೆಂಬರ್ ಮೊದಲ ಎರಡು ವಾರದಲ್ಲಿ ಟೊಮೆಟೊ, ಎಲೆಕೋಸು, ಹೂಕೋಸಿನ ಬೀಜವನ್ನು ಟ್ರೇಯಲ್ಲಿ ಹಾಕಿ. ಟ್ರೇ ಇಲ್ಲದಿದ್ದರೆ ತಳದಲ್ಲಿ ತೂತು ಮಾಡಿದ ಕಾಗದದ ಲೋಟ ಸಾಕು. ಮಳೆ ನೇರ ಬೀಳದ, ಬೆಳಕು ಇರುವ ಜಾಗ ಬೇಕು. ಬೀಜ ಹಾಕುವ ಮಣ್ಣಿಗೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿದರೆ ಸಸಿ ಬುಡ ಕೊಳೆತು ಮಲಗುವುದು ಕಡಿಮೆ. ನೀರು ಬೆಳಿಗ್ಗೆ ಮಾತ್ರ ಹಾಕಿ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಸಿಕ್ಕರೆ ಬಿಡಬೇಡಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು. ಎಲೆ ಮುಟುರು, ಸೊರಗು, ಅಂಗಮಾರಿ, ಮೂರನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಹಾಗಂತ ಅದನ್ನು ಜೂನ್‌ನಲ್ಲಿ ಹಾಕಿ ಪರೀಕ್ಷೆ ಮಾಡಬೇಡಿ.

ಇಪ್ಪತ್ತೈದು, ಇಪ್ಪತ್ತೆಂಟು ದಿನಕ್ಕೆ ಸಸಿ ಸಿದ್ಧ. ಅಕ್ಟೋಬರ್ ಮೊದಲ ಅಥವಾ ಎರಡನೇ ವಾರ, ಮೋಡದ ದಿನ ಇಲ್ಲವೇ ಸಂಜೆ ಹೊತ್ತು ನೆಡಿ. ಟೊಮೆಟೊ ಕಾಂಡವನ್ನು ಮೊದಲ ಎಲೆಯವರೆಗೆ ಮಣ್ಣೊಳಗೆ ಇಳಿಸಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಗಿಡದಿಂದ ಗಿಡಕ್ಕೆ ಎರಡು ಅಡಿ ಬೇಕೇ ಬೇಕು. ಜಾಗ ಉಳಿಸಲು ಹತ್ತಿರ ಹತ್ತಿರ ನೆಟ್ಟರೆ ಮತ್ತೆ ಅದೇ ಒದ್ದೆ ಎಲೆ, ಅದೇ ರೋಗ. ನೆಟ್ಟ ದಿನವೇ ಕೋಲು ಊರಿ, ಬುಡಕ್ಕೆ ಒಣ ಎಲೆ ಹಾಸಿ. ಆ ಹೊದಿಕೆಯಿಂದ ಮಣ್ಣು ಸಿಡಿಯುವುದು ನಿಲ್ಲುತ್ತದೆ. ಗಿಡ ಸೊಂಟಕ್ಕೆ ಬಂದ ಮೇಲೆ ಕೆಳಗಿನ ಒಂದು ಅಡಿಯಷ್ಟು ಎಲೆ ತೆಗೆದುಬಿಡಿ. ಡಿಸೆಂಬರ್‌ನಲ್ಲಿ ಹಣ್ಣು ಶುರು, ಫೆಬ್ರವರಿವರೆಗೆ ನಡೆಯುತ್ತದೆ.

ನೇರವಾಗಿ ಬಿತ್ತುವ ಮೂಲಂಗಿ, ಗಜ್ಜರಿ, ಬೀಟ್‌ರೂಟ್, ಬೀನ್ಸ್‌ಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಸರಿ. ಬಟಾಣಿಗೆ ಅಕ್ಟೋಬರ್ ಕೊನೆ, ರಾತ್ರಿ ಸ್ವಲ್ಪ ತಣ್ಣಗಾದ ಮೇಲೆ. ದಸರೆಯ ನಂತರದ ಶೀಗಿ ಹುಣ್ಣಿಮೆಗೆ ರೈತರು ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯ, ಚೆಲ್ಲುವ ಹೊತ್ತಿಗೆ ನಿಮ್ಮ ಹಿತ್ತಲಲ್ಲೂ ಮಡಿ ತುಂಬಿರಬೇಕು. ನಾನು ಆ ಹಬ್ಬವನ್ನೇ ಗಡುವು ಅಂತ ಇಟ್ಟುಕೊಂಡಿದ್ದೇನೆ. ಮೆಂತ್ಯೆ, ಕೊತ್ತಂಬರಿ, ಪಾಲಕ್ ಅಕ್ಟೋಬರ್‌ನಿಂದ ಜನವರಿವರೆಗೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ. ಒಂದೇ ಸಲ ಪೂರ್ತಿ ಮಡಿ ಬಿತ್ತಿದರೆ ಒಂದು ವಾರ ತಿನ್ನಲಾರದಷ್ಟು, ಆಮೇಲೆ ಏನೂ ಇಲ್ಲ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಹಗುರ ಉಜ್ಜಿ ಎರಡು ಹೋಳು ಮಾಡಿ ಹಾಕಿ. ನೀವು ಏಪ್ರಿಲ್‌ನಲ್ಲಿ ಬಿತ್ತಿದಾಗ ಅವು ಹೂ ಬಿಟ್ಟದ್ದಕ್ಕೆ ಕಾರಣ ಬಿಸಿ ಮತ್ತು ಉದ್ದ ಹಗಲು. ಗಿಡಕ್ಕೆ ಇನ್ನು ಕಾಲ ಕೆಟ್ಟಿತು ಅಂತ ಗೊತ್ತಾಗಿ ಬೀಜ ಮಾಡುವ ಅವಸರಕ್ಕೆ ಬೀಳುತ್ತದೆ. ಬೇಸಿಗೆಗೆ ಸೊಪ್ಪು ಬೇಕೆಂದರೆ ರಾಜಗಿರಿ, ಬಸಳೆ ಹಾಕಿ. ಮತ್ತು ಚಳಿಗಾಲದಲ್ಲಿ ಎರಿ ಹೊಲದ ಬದುವಿನಲ್ಲಿ ತಾನೇ ಹುಟ್ಟುವ ಹಕ್ಕರಕಿ ಸಂತೆಗೆ ಬಂದಾಗ ಒಂದು ಕಟ್ಟು ತಂದು, ಜೋಳದ ರೊಟ್ಟಿ, ಕೆಂಪು ಚಟ್ನಿ ಜೊತೆ ಹಸಿಯಾಗಿ ತಿನ್ನಿ. ಧಾರವಾಡಕ್ಕೆ ಬಂದ ಮೇಲೆ ಅದನ್ನು ತಿನ್ನದೆ ಇರಬಾರದು.

ಡಿಸೆಂಬರ್, ಜನವರಿಯಲ್ಲಿ ರಾತ್ರಿ 14–15 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ನಮ್ಮ ತರಕಾರಿಗೆ ಅದರಿಂದ ತೊಂದರೆ ಇಲ್ಲ. ತೊಂದರೆ ಬರುವುದು ಮಂಜು, ಮೋಡದಿಂದ. ಬಟಾಣಿ, ಸೌತೆ ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೂದಿ ರೋಗ ಕಾಣುತ್ತದೆ. ನಿಮ್ಮ ಮನೆಯಲ್ಲಿ ಆಪೂಸ್ ಮಾವಿನ ಮರ ಇದ್ದರೆ, ಈ ಊರಲ್ಲಿ ಬಹಳ ಮನೆಗಳಲ್ಲಿ ಇರುತ್ತದೆ, ಹೂ ಬಿಡುವಾಗ ಮೋಡ ಕವಿದರೆ ಅದೇ ಬೂದಿ ರೋಗ, ಜೊತೆಗೆ ಜಿಗಿಹುಳು. ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ, ಹೂ ತೆನೆ ಹೊರಟಾಗ, ಬಿಸಿಲು ಏರುವ ಮೊದಲು ಹೊಡೆಯಿರಿ. ಹೂ ಪೂರ್ತಿ ಅರಳಿದ ಮೇಲೆ ಏನನ್ನೂ ಹೊಡೆಯಬೇಡಿ, ಪರಾಗ ಹೊರುವ ನೊಣ, ಜೇನು ಸಾಯುತ್ತವೆ.

ಬೇಸಿಗೆಗೆ ನನ್ನ ಸಲಹೆ: ತೋಟ ಚಿಕ್ಕದು ಮಾಡಿ. ಏಪ್ರಿಲ್‌ನಲ್ಲಿ ಹಗಲು 36–37 ಡಿಗ್ರಿ ಸಾಮಾನ್ಯ. ಒಂದು ಚದರ ಮೀಟರ್ ತರಕಾರಿ ಮಡಿ ಆಗ ದಿನಕ್ಕೆ ಸುಮಾರು 5 ಲೀಟರ್ ನೀರು ಕುಡಿಯುತ್ತದೆ. ನಿಮ್ಮದು ಸುಮಾರು 28 ಚದರ ಮೀಟರ್. ಪೂರ್ತಿ ಬೆಳೆದರೆ ದಿನಕ್ಕೆ 140 ಲೀಟರ್ ಬೇಕು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ನಿಮಗೇ ಗೊತ್ತು. ಹತ್ತು ಅಡಿಗೆ ಹತ್ತು ಅಡಿ ಮಾತ್ರ ಇಟ್ಟುಕೊಳ್ಳಿ, 50 ಲೀಟರ್‌ನಲ್ಲಿ ಆಗುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅಲ್ಲಿಗೇ ಹೋಗಲಿ. ಮೇಲೆ 50% ನೆರಳು ಪರದೆ ಕಟ್ಟಿ. ಉಳಿದ ಜಾಗಕ್ಕೆ ದಪ್ಪ ಎಲೆ ಹೊದಿಸಿ ಬಿಟ್ಟುಬಿಡಿ, ಅಥವಾ ಆಳವಾಗಿ ಅಗೆದು ಬಿಸಿಲಿಗೆ ಒಡ್ಡಿ. ಬಿಸಿಲಿಗೆ ಮಣ್ಣಿನ ರೋಗ ಕಡಿಮೆಯಾಗುತ್ತದೆ. ಛಾವಣಿ ನೀರು ಹಿಡಿಯುವ ಯೋಚನೆ ಇದ್ದರೆ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರ್ ಛಾವಣಿ, 750 ಮಿಲಿಮೀಟರ್ ಮಳೆ, ಹರಿದು ಆರಿ ಹೋಗುವುದನ್ನು ಕಳೆದರೂ ವರ್ಷಕ್ಕೆ 60,000 ಲೀಟರ್. ಎಲ್ಲ ಹಿಡಿದಿಡಲು ಆಗುವುದಿಲ್ಲ. ಒಂದು 2,000 ಲೀಟರ್ ಸಿಂಟೆಕ್ಸ್ ತುಂಬಿಸಿ ಮುಚ್ಚಿಟ್ಟರೂ ಅಡ್ಡಮಳೆ ಬರುವವರೆಗೆ ನಲವತ್ತು ದಿನ ತಳ್ಳಬಹುದು.

ಆ್ಯಪ್ ಮತ್ತು ಅಜ್ಜಿ, ಯಾರನ್ನು ನಂಬಬೇಕು ಅಂತ ಕೇಳಿದ್ದೀರಿ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ.

ಅಜ್ಜಿಯ ಲೆಕ್ಕ ಸೂರ್ಯನ ಲೆಕ್ಕ. ಸೂರ್ಯ 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಹಾಗಾಗಿ ರೋಹಿಣಿ ಪ್ರತಿ ವರ್ಷ ಮೇ 25ರ ಆಸುಪಾಸಿಗೇ ಬರುತ್ತದೆ, ಮೃಗಶಿರಾ ಜೂನ್ 8ರ ಆಸುಪಾಸಿಗೆ. ಚಂದ್ರನ ತಿಥಿಯ ಹಾಗೆ ಹಿಂದೆ ಮುಂದೆ ಆಗುವುದಿಲ್ಲ. ಇದು ಇವತ್ತು ಮಳೆ ಬರುತ್ತದೋ ಇಲ್ಲವೋ ಅಂತ ಹೇಳುವ ಲೆಕ್ಕ ಅಲ್ಲ. ಯಾವ ಹದಿನಾಲ್ಕು ದಿನದಲ್ಲಿ ಮಳೆ ಬಂದರೆ ಯಾವ ಬೆಳೆಗೆ ಒಳ್ಳೇದು ಅಂತ ತಲೆಮಾರುಗಳು ನೆನಪಿಟ್ಟ ಲೆಕ್ಕ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂದರೆ, ಏಪ್ರಿಲ್ ಕೊನೆ, ಮೇ ಮೊದಲಿನ ಮಳೆಗೆ ನೆಲ ಉತ್ತು ಹದ ಮಾಡಿಕೊಳ್ಳಬಹುದು ಅಂತ. ಬೀಜ ಹಾಕಿ ಅಂತ ಅಲ್ಲ. ಅಜ್ಜಿಯ ಹತ್ತಿರ ಕೂತು ಕೇಳಿ ಬರೆದಿಟ್ಟುಕೊಳ್ಳಿ. ಅವರ ಓಣಿಯ ಐವತ್ತು ವರ್ಷದ ನೆನಪು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಆ್ಯಪ್ ಹೇಳುವ 80% ಅಂದರೆ ಮಳೆ ಬರುವ ಸಂಭವ, ಮಳೆಯ ಪ್ರಮಾಣ ಅಲ್ಲ. 0.2 ಮಿಲಿಮೀಟರ್ ಹನಿದರೂ ಅವರ ಲೆಕ್ಕಕ್ಕೆ ಮಳೆ ಬಂತು. ಜೊತೆಗೆ ಕಂಪ್ಯೂಟರ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. 2025ರ ಮೇನಲ್ಲಿ ನಮ್ಮ ಹವಾಮಾನ ಇಲಾಖೆ ತಂದ ಹೊಸ ಪದ್ಧತಿಯಲ್ಲೂ ಒಂದು ಚೌಕ 6 ಕಿಲೋಮೀಟರ್ ಅಗಲ. ಅಡ್ಡಮಳೆಯ ಒಂದು ಮೋಡ ಅದಕ್ಕಿಂತ ಚಿಕ್ಕದಿರಬಹುದು. ಹಾಗಾಗಿ ಮೇ ತಿಂಗಳಲ್ಲಿ ಆ್ಯಪ್ ತಪ್ಪುವುದು ಜಾಸ್ತಿ, ಜುಲೈನಲ್ಲಿ ಕಡಿಮೆ.

ಇಲಾಖೆಯ ಪ್ರಕಟಣೆಯ ಮಾತುಗಳಿಗೂ ಅಳತೆ ಇದೆ. ಇದನ್ನು ತಿಳಿದವರು ಕಡಿಮೆ. ಉತ್ತರ ಒಳನಾಡಿನ ಒಂದೆರಡು ಕಡೆ ಮಳೆ ಅಂದರೆ, ಆ ಭಾಗದ ನೂರು ಮಳೆ ಮಾಪನ ಕೇಂದ್ರಗಳಲ್ಲಿ 25 ಅಥವಾ ಅದಕ್ಕೂ ಕಡಿಮೆ ಕಡೆ. ಕೆಲವು ಕಡೆ ಅಂದರೆ 50ರವರೆಗೆ. ಹಲವು ಕಡೆ ಅಂದರೆ 75ರವರೆಗೆ. ಬಹುತೇಕ ಕಡೆ ಅಂದರೆ ಅದಕ್ಕೂ ಜಾಸ್ತಿ. ಭಾರಿ ಮಳೆ ಅನ್ನುವುದಕ್ಕೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಬೇಕು. ನಾನು ಸಸಿ ನೆಡುವ ವಾರದಲ್ಲಿ ಈ ಮಾತುಗಳನ್ನೇ ನೋಡುತ್ತೇನೆ. ಒಂದೆರಡು ಕಡೆ ಅಂದಿದ್ದರೆ ನೀರಿನ ಕೊಡ ತುಂಬಿಸಿಟ್ಟುಕೊಂಡೇ ನೆಡುತ್ತೇನೆ.

ಇವರಿಬ್ಬರಿಗಿಂತ ನಿಮಗೆ ಹತ್ತಿರದ ಸಾಕ್ಷಿ ನಿಮ್ಮ ಹಿತ್ತಲಲ್ಲೇ ಇದೆ. ಬದಿ ನೇರ ಇರುವ, ತಳ ಸಪಾಟಾದ ಒಂದು ಗಾಜಿನ ಡಬ್ಬಿ ತೆಗೆದುಕೊಳ್ಳಿ. ಬಾಯಿ ಕಿರಿದಾದ ಉಪ್ಪಿನಕಾಯಿ ಬಾಟಲಿ ಬೇಡ. ಗೋಡೆ, ಮರದಿಂದ ದೂರ, ಎರಡು ಅಡಿ ಎತ್ತರದ ಕಲ್ಲಿನ ಮೇಲೆ ಇಡಿ. ಗಾಳಿಗೆ ಬೀಳದ ಹಾಗೆ ತಂತಿ ಸುತ್ತಿ. ದಿನಾ ಬೆಳಿಗ್ಗೆ 8:30ಕ್ಕೆ, ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ, ಶಾಲೆ ಮಕ್ಕಳ ಸ್ಕೇಲನ್ನು ಹೊರಗಿನಿಂದ ಹಿಡಿದು ನೀರು ಎಷ್ಟು ಮಿಲಿಮೀಟರ್ ಇದೆ ನೋಡಿ. ಸ್ಕೇಲಿನ ಸೊನ್ನೆ ಡಬ್ಬಿಯ ಒಳತಳಕ್ಕೆ ಸರಿಯಾಗಿ ಕೂರಲಿ. ಡಬ್ಬಿ ಅಗಲ ಇರಲಿ, ಸಣ್ಣದಿರಲಿ, ಬದಿ ನೇರ ಇದ್ದರೆ ಅಳತೆ ಒಂದೇ. ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲಿ ಬರೆದು ನೀರು ಚೆಲ್ಲಿ. 2.5 ಮಿಲಿಮೀಟರ್‌ಗಿಂತ ಕಡಿಮೆ ಬಿದ್ದ ದಿನವನ್ನು ಮಳೆ ದಿನ ಅಂತ ಇಲಾಖೆಯೂ ಎಣಿಸುವುದಿಲ್ಲ. ನೀವೂ ಎಣಿಸಬೇಡಿ. ಪಕ್ಕದಲ್ಲಿ ಇನ್ನೊಂದು ಮಾತು ಬರೆಯಿರಿ: ಎಲೆ ಎಷ್ಟು ಗಂಟೆಗೆ ಒಣಗಿತು. ಎರಡು ವರ್ಷ ಬರೆದರೆ ನೀವು ಕೇಳಿದ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ಊರಿನ ಪಟ್ಟಿ ಅಲ್ಲ, ನಿಮ್ಮ ಹಿತ್ತಲಿನದು.

ಸಿದ್ಧ ಪಟ್ಟಿ ಕೊಡಲು ನಾನು ಹಿಂದೆಮುಂದೆ ನೋಡುವುದಕ್ಕೆ ಕಾರಣ ಇದೆ. ವರ್ಷ ವರ್ಷಕ್ಕೂ ಮಳೆಯ ನಡತೆ ಬದಲಾಗುತ್ತಿದೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶದಲ್ಲೇ ಎಲ್ಲಕ್ಕಿಂತ ಒಣ ಆಗಸ್ಟ್ ಆಯಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಎರಡೂ ವರ್ಷಕ್ಕೆ ಒಂದೇ ತಾರೀಕಿನ ಪಟ್ಟಿ ಹೇಗೆ ಸರಿಹೋದೀತು? 2023ರ ಆಗಸ್ಟ್‌ನಲ್ಲಿ ನನ್ನ ಹಿತ್ತಲಲ್ಲಿ ಉಳಿದದ್ದು ಎಲೆ ಹೊದಿಸಿದ ಮಡಿಗಳ ಚವಳಿ, ಅವರೆ. ಹೊದಿಸದ ಒಂದು ಮಡಿ ಇತ್ತು, ಅಲ್ಲಿ ಸೌತೆ ಬಳ್ಳಿ ಹನ್ನೆರಡೇ ದಿನಕ್ಕೆ ಹಗ್ಗವಾಯಿತು. ಅದಕ್ಕೇ ಯಾವ ಬೀಜವನ್ನೂ ಒಂದೇ ದಿನ ಪೂರ್ತಿ ಹಾಕಬೇಡಿ. ಮೂರು ಪಾಲು ಮಾಡಿ, ಹತ್ತು ಹನ್ನೆರಡು ದಿನ ಬಿಟ್ಟು ಬಿಟ್ಟು ಹಾಕಿ. ಒಂದು ಪಾಲು ಹೋದರೂ ಎರಡು ನಿಲ್ಲುತ್ತವೆ.

ಇನ್ನು ಈ ವಾರದ ಕೆಲಸ. ಸುಟ್ಟ ಟೊಮೆಟೊ ಗಿಡಗಳು ಇನ್ನೂ ನಿಂತಿದ್ದರೆ ಇವತ್ತೇ ಬೇರುಸಮೇತ ಕಿತ್ತು ಹಾಕಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ರೋಗ ಮರಳಿ ತೋಟಕ್ಕೇ ಬರುತ್ತದೆ. ಕಸದ ಗಾಡಿಗೆ ಕೊಡಿ. ಆ ಮಡಿಯಲ್ಲಿ ಈ ಸಲ ಟೊಮೆಟೊ, ಮುಳಗಾಯಿ, ಮೆಣಸಿನಕಾಯಿ ಬೇಡ. ಮೂರೂ ಒಂದೇ ಕುಲ, ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಅಲ್ಲಿ ಮೆಂತ್ಯೆ, ಮೂಲಂಗಿ ಬಿತ್ತಿ. ಟೊಮೆಟೊಗೆ ಪೂರ್ವದ ಬಿಸಿಲು ಬೇಗ ಬೀಳುವ ಬೇರೆ ಮೂಲೆ ಆರಿಸಿ, ಅಲ್ಲಿ ಈಗಲೇ ತಿಪ್ಪೆಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ಮಣ್ಣು ತಿರುವಿ ಬಿಡಿ. ಬೀಜವನ್ನು ಸೆಪ್ಟೆಂಬರ್ 5ರಿಂದ 15ರೊಳಗೆ ಟ್ರೇಗೆ ಹಾಕಿ. ಡಿಸೆಂಬರ್‌ನಲ್ಲಿ ಮೊದಲ ಹಣ್ಣು ಕಿತ್ತಾಗ ಒಂದು ಸಾಲು ಬರೆದು ತಿಳಿಸಿ. ಕೆಳಗಿನ ಎಲೆ ಹೇಗಿದೆ ಅಂತಲೂ ಬರೆಯಿರಿ.